ಖಾತೆವಹಿಯಲ್ಲೊಂದು ವಂಶಾವಳಿ

ಹೈದರಾಬಾದಿನ ಸುಲ್ತಾನ್ ಬಜಾರು ನಾಯಿಗೆ ಹೇಳಿ ಮಾಡಿಸಿದ ಸ್ಥಳವಲ್ಲ. ಓಡುವುದಕ್ಕಾಗಿಯೇ ಹುಟ್ಟಿದ ನಾಯಿಗಂತೂ ಸರ್ವಥಾ ಅಲ್ಲ. ಹಿಂದೆ ಬ್ರಿಟಿಷ್ ರೆಸಿಡೆಂಟನ ಆಡಳಿತಕ್ಕೆ ಒಳಪಟ್ಟು ರೆಸಿಡೆನ್ಸಿ ಬಜಾರುಗಳಲ್ಲಿ ಒಂದೆನಿಸಿದ್ದು, 1933ರಲ್ಲಿ ನಿಜಾಮರ ವಶಕ್ಕೆ ಮರಳಿದ ಈ ಪೇಟೆಯಲ್ಲಿ, ಸೀರೆಯಂಗಡಿ ಬಳೆಯಂಗಡಿಗಳ ನಡುವಣ ಓಣಿಗಳು ಎಷ್ಟು ಕಿರಿದಾಗಿವೆಯೆಂದರೆ, ಎದುರಿನಿಂದ ಬಟ್ಟೆಯ ಗಂಟು ಹೊತ್ತ ತಳ್ಳುಬಂಡಿಯೊಂದು ಬಂದರೆ ಮನುಷ್ಯನೇ ಗೋಡೆಗೆ ಆತು ನಿಲ್ಲಬೇಕಾಗುತ್ತದೆ. ಈಗ ಮೇಲೆ ಮೆಟ್ರೋ ರೈಲು ಓಡುತ್ತಿರುವುದರಿಂದ ಆಕಾಶವೂ ಕೊಂಚ ಕಿರಿದಾಗಿದೆ. ನಮ್ಮ ಅಜ್ಜನವರು ಕಲಬುರ್ಗಿಯ ಕಡೆಯಿಂದ ಬಂದು ಇಲ್ಲಿ ಜವಳಿ ವ್ಯಾಪಾರಕ್ಕೆ ಕುಳಿತಂದಿನಿಂದ ನಾವು ಇದೇ ಓಣಿಯವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ದಖ್ಖನಿ ಮತ್ತು ತೆಲುಗು, ಓದಿದ್ದು ಕಾಚಿಗುಡದ ನೃಪತುಂಗ ಶಾಲೆಯಲ್ಲಿ: ಹೀಗೆ ಬೆಳೆದ ನನಗೆ ಮುಧೋಳದ ಬೇಟೆನಾಯಿಯ ತಳಿಯನ್ನು ಬೆಳೆಸಬೇಕೆಂಬ ಹಂಬಲ ಹುಟ್ಟಿದ್ದು ಹೇಗೆಂಬುದು ದೊಡ್ಡ ಕಥೆಯೇನೂ ಅಲ್ಲ. ಬಂಧುವೊಬ್ಬರು ತಂದುಕೊಟ್ಟ ಹೆಣ್ಣುಮರಿಯೊಂದು ಮನೆಗೆ ಬಂದಿತು. ಘಟಪ್ರಭೆಯ ದಂಡೆಯ ಊರಿನದೆಂದು ಅದಕ್ಕೆ ಪ್ರಭೆಯೆಂದು ಹೆಸರಿಟ್ಟೆವು. ಅದು ಬೆಳೆದು ನಿಂತಾಗ ನೋಡಿದವರೆಲ್ಲರೂ ಒಂದೇ ಪ್ರಶ್ನೆಯನ್ನು ಕೇಳಲಾರಂಭಿಸಿದರು: ಇದರ ಮರಿ ಯಾವಾಗ?

ಎಲ್ಲರೂ ಅಂದೆನೇ? ಓಣಿಯವರಲ್ಲ. ಇಪ್ಪತ್ತಾರು ಇಪ್ಪತ್ತೇಳು ಅಂಗುಲ ಎತ್ತರವಾಗಿ, ನೀಳವಾದ ಮುಖ, ಆಳವಾದ ಎದೆ, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ, ತೆಳುಚರ್ಮದ ಕೆಳಗೆ ಎಣಿಸಬಹುದಾದ ಪಕ್ಕೆಲುಬು, ಇವುಗಳಿಂದ ಕೂಡಿದ ಆ ದೇಹವನ್ನು ಕಂಡು ಬಡೀ ಚೌಡಿಯ ತರಕಾರಿ ಮಾರುವವನೊಬ್ಬನು, "ಕ್ಯಾ ಸಾಬ್, ಖಾನಾ ನೈ ದೇರೇ ಕ್ಯಾ ಇಸ್ಕು?" ಎಂದು ನನ್ನನ್ನು ಗದರಿಸಿ, ತನ್ನ ಪಾಲಿನ ರೊಟ್ಟಿಯ ತುಣುಕನ್ನೇ ಅದರ ಮುಂದೆ ಹಾಕಿದನು. ಪ್ರಭೆಯು ಅದನ್ನು ಮೂಸಿಯೂ ನೋಡಲಿಲ್ಲ. ಅಪರಿಚಿತರು ಕೊಟ್ಟದ್ದನ್ನು ತಟಕ್ಕನೆ ಒಪ್ಪದಿರುವುದು, ಮುಟ್ಟಲು ಬಂದವರಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುವುದು, ಈ ತಳಿಯ ಸ್ವಭಾವದಲ್ಲಿಯೇ ಇದೆ. ಆದರೆ ಈ ಬಿಗುಮಾನಕ್ಕೂ ಅಂಜುಬುರುಕತನಕ್ಕೂ ಇರುವ ಅಂತರವನ್ನು ಗುರುತಿಸಬಲ್ಲ ಕಣ್ಣು ಮರಿ ಹಾಕಿಸಬಯಸುವವನಿಗೆ ಮೊದಲು ಬರಬೇಕೆಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿಯಬೇಕಾದರೆ ಮುಧೋಳಕ್ಕೇ ಹೋಗಬೇಕಾಯಿತು.

ಅದಕ್ಕೆ ಮುನ್ನ, ಅಪರೂಪವೆಂದು ನಾವು ಯಾವುದನ್ನು ಕರೆಯುತ್ತೇವೆ ಎಂಬುದನ್ನು ವಿಚಾರಿಸುವುದು ಅವಶ್ಯ. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ಪೋಷಿಸಿ, ಒಂದು ಜೋಡಿಯನ್ನು ಐದನೆಯ ಜಾರ್ಜ್ ಚಕ್ರವರ್ತಿಗೆ ಕಾಣಿಕೆಯಾಗಿ ಒಪ್ಪಿಸಿದ ಸಂಗತಿ ಪ್ರಸಿದ್ಧವಾದದ್ದೇ. 1948ರಲ್ಲಿ ಸಂಸ್ಥಾನವು ವಿಲೀನವಾದ ಮೇಲೆ ಅರಮನೆಯ ಆಶ್ರಯ ತಪ್ಪಿ, ತಳಿಯು ಸುತ್ತಲಿನ ಹಳ್ಳಿಗಳ ಬೇಡರ, ಕುರುಬರ, ರೈತರ ಅಂಗಳದಲ್ಲಿ ಉಳಿದುಕೊಂಡಿತು. 2005ರಲ್ಲಿ ಅಂಚೆ ಇಲಾಖೆಯವರು ರಾಮಪುರ, ರಾಜಪಾಳಯಂ ಮತ್ತು ಹಿಮಾಲಯದ ನಾಯಿಗಳೊಡನೆ ಇದರ ಚಿತ್ರವನ್ನೂ ಅಂಚೆಚೀಟಿಯಲ್ಲಿ ಅಚ್ಚು ಮಾಡಿದರು. 2016ರಲ್ಲಿ ಮೀರಠದ ಸೇನಾ ಕೇಂದ್ರದವರು ತರಬೇತಿಗಾಗಿ ಇದರ ಮರಿಗಳನ್ನು ತರಿಸಿಕೊಂಡರು. 2020ರಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಇದರ ಹೆಸರನ್ನು ಎತ್ತಿದರು. ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯು ದೇಶದ ನೋಂದಾಯಿತ ತಳಿಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನವನ್ನು ಕೊಟ್ಟಿತು. ಇಷ್ಟಾದ ಮೇಲೆ ಬೇಡಿಕೆ ಏರದೆ ಇರುತ್ತದೆಯೇ? ಹೈದರಾಬಾದು, ಬೆಂಗಳೂರು, ಪುಣೆಗಳಿಂದ ಗಿರಾಕಿಗಳು ಮುಧೋಳದ ದಾರಿ ಹಿಡಿದರು. ತಲೆಯೆಣಿಕೆಯಿಂದ ನೋಡಿದರೆ ಈ ನಾಯಿ ಇಂದು ಅಷ್ಟೇನೂ ಅಪರೂಪವಲ್ಲ. ಅಪರೂಪವಾಗುತ್ತಿರುವುದು ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ರಕ್ತ. ನೂರು ಮರಿಗಳು ಹುಟ್ಟಿಯೂ ಅವೆಲ್ಲವೂ ನಾಲ್ಕೈದು ಗಂಡುಗಳ ಸಂತಾನವೇ ಆಗಿದ್ದರೆ ತಳಿಯು ಬೆಳೆದಂತೆ ತೋರುತ್ತಲೇ ಒಳಗೆ ಕುಗ್ಗುತ್ತಿರುತ್ತದೆ. ಹೊಣೆಯರಿತ ತಳಿಗಾರನಾಗುವುದೆಂದರೆ ಮರಿಗಳ ಸಂಖ್ಯೆಯನ್ನು ಹೆಚ್ಚಿಸುವುದಲ್ಲ, ಈ ಕುಗ್ಗುವಿಕೆಯಲ್ಲಿ ತಾನೂ ಪಾಲುದಾರನಾಗದಂತೆ ನೋಡಿಕೊಳ್ಳುವುದು ಎಂಬ ಅಭಿಪ್ರಾಯಕ್ಕೆ ನಾನು ಬಂದು ನಿಂತಿರುವುದು ಈ ಕಾರಣದಿಂದಲೇ.

ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ರಾತ್ರಿ ಹೊರಟು ವಿಜಯಪುರದಲ್ಲಿ ಬಸ್ಸು ಬದಲಿಸಿದರೆ ಬೆಳಗಿನ ಹೊತ್ತಿಗೆಲ್ಲ ಕರಿಮಣ್ಣಿನ ಸೀಮೆ ಕಣ್ಣಿಗೆ ಬೀಳುತ್ತದೆ. ರನ್ನನ ಹುಟ್ಟೂರಾದ ಮುಧೋಳವನ್ನು ಸಾಹಿತ್ಯಾಭಿಮಾನದಿಂದ ನೋಡಬೇಕೆಂದಿದ್ದವನು ನಾಯಿಯ ನೆಪದಿಂದ ನೋಡಿದೆನೆಂಬುದು ಬೇರೆಯ ಮಾತು. ಸಮೀಪದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರು ನಡೆಸುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಲಕ್ಷಣ, ಆಹಾರ, ಲಸಿಕೆ ಇವುಗಳ ವಿಷಯದಲ್ಲಿ ಶಾಸ್ತ್ರೋಕ್ತವಾದ ತಿಳಿವಳಿಕೆಯನ್ನು ಬಯಸುವವನು ಮೊದಲು ಅಲ್ಲಿಗೆ ಹೋಗುವುದು ಉಚಿತ. ಆದರೆ ನನಗೆ ಪಾಠ ಹೇಳಿದವರು ಹತ್ತಿರದ ಹಳ್ಳಿಯೊಂದರಲ್ಲಿ ತಲೆಮಾರುಗಳಿಂದ ನಾಯಿ ಸಾಕುತ್ತ ಬಂದ ಮನೆತನದ ವೃದ್ಧರು. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆನು. ಗೋಣಿತಟ್ಟಿನ ಮೇಲೆ ಒಂದರ ಮೇಲೊಂದು ಬಿದ್ದು ನಿದ್ರಿಸುತ್ತಿದ್ದ ಮರಿಗಳ ಕಡೆಗೆ ನಾನು ಬಾಗಿದೊಡನೆ ಅವರು ನನ್ನನ್ನು ತಡೆದರು.

"ಮರಿ ಆಮ್ಯಾಲ ನೋಡೂಣಂತ್ರಿ. ಮೊದಲ ಅದರ ತಾಯೀನ ನೋಡ್ರಿ. ಮರಿ ಬಣ್ಣಾ ನೋಡಿ ಒಯ್ದಾವ್ರು ಭಾಳ ಮಂದಿ ಅದಾರ. ತಾಯಿ ಸ್ವಭಾವ ಹೆಂಗೈತಿ ಅಂತ ಕೇಳಿದಾವ್ರು ಯಾರೂ ಇಲ್ಲ."

ತಾಯಿಯು ಎದ್ದು ಬಂದು, ನನ್ನ ಅಂಗೈಯನ್ನು ಮೂಸಿ, ಒಂದು ಕ್ಷಣ ಯೋಚಿಸಿದಂತೆ ನಿಂತು, ಮರಳಿ ಹೋಗಿ ಮಲಗಿತು. ಇದು ಬಿಗುಮಾನ. ಪಕ್ಕದ ಕೊಟ್ಟಿಗೆಯಲ್ಲಿದ್ದ ಮತ್ತೊಂದು ಹೆಣ್ಣು, ನೋಡಲು ಇದಕ್ಕಿಂತ ಸುಂದರವಾದದ್ದು, ನಮ್ಮ ನೆರಳು ಬಿದ್ದೊಡನೆ ಬಾಲವನ್ನು ಹೊಟ್ಟೆಯಡಿಗೆ ಸೆಳೆದುಕೊಂಡು ಮೂಲೆಗೆ ಸೇರಿ ನಡುಗುತ್ತಿತ್ತು. ಕಾಕಾ ಅದನ್ನು ಎಂದೂ ಗಂಡಿಗೆ ಬಿಟ್ಟವರಲ್ಲ. ಅಂಜುವ ತಾಯಿಯ ಮರಿಗಳು ಅಂಜುತ್ತಲೇ ಹುಟ್ಟುತ್ತವೆ, ಅಂಜುತ್ತಲೇ ಕಲಿಯುತ್ತವೆ ಎಂಬುದು ಅವರ ಮತ. ಹುಟ್ಟು ಮತ್ತು ಪಾಲನೆ ಎರಡೂ ಸ್ವಭಾವವನ್ನು ರೂಪಿಸುತ್ತವೆಯೆಂದು ಇಂದಿನ ಪ್ರಾಣಿಶಾಸ್ತ್ರಜ್ಞರು ಹೇಳುವುದೂ ಇದನ್ನೇ. ಪ್ರಭೆಯ ಛಾಯಾಚಿತ್ರವನ್ನು ತೋರಿಸಿದಾಗ ಅವರು ಅದನ್ನು ದೂರ ಹಿಡಿದು ನೋಡಿ ನಕ್ಕರು: "ನಿಂತಾಗ ಎಲ್ಲಾ ನಾಯೀನೂ ಛಲೋ ಕಾಣತಾವ್ರಿ. ಓಡಿಸಿದಾಗ ಗೊತ್ತಾಗತೈತಿ." ಹೊಲದ ಬದುವಿನ ಮೇಲೆ ತಮ್ಮ ನಾಯಿಯನ್ನು ಓಡಿಸಿ, ಹಿಂಗಾಲು ಮುಂಗಾಲುಗಳನ್ನು ದಾಟಿ ಎಲ್ಲಿ ಊರುತ್ತದೆ, ತಿರುವಿನಲ್ಲಿ ಭುಜವು ಹೇಗೆ ಇಳಿಯುತ್ತದೆ, ಓಟ ಮುಗಿದ ಮೇಲೆ ಉಸಿರು ಎಷ್ಟು ಹೊತ್ತಿಗೆ ಸಮಸ್ಥಿತಿಗೆ ಬರುತ್ತದೆ ಎಂಬುದನ್ನೆಲ್ಲ ಅವರು ತೋರಿಸಿಕೊಟ್ಟರು. ಪ್ರದರ್ಶನದಲ್ಲಿ ಬಹುಮಾನ ಪಡೆದ ನಾಯಿಯ ಕೊರಳಪಟ್ಟಿಯನ್ನು ನೋಡಿ ಮಾರುಹೋಗುವ ನಮ್ಮಂಥ ಪಟ್ಟಣಿಗರಿಗೆ ಈ ಪರೀಕ್ಷೆ ಅಗತ್ಯವಾಗಿ ಬೇಕು.

ಅವರಲ್ಲಿ ಇಲ್ಲದಿದ್ದುದು ಒಂದೇ: ಬರವಣಿಗೆ. ಇಂತಹ ನಾಯಿಯ ತಂದೆ ಯಾವುದು, ತಾತ ಯಾವುದು ಎಂದು ಕೇಳಿದರೆ ಕಾಕಾ ತಡವರಿಸದೆ ಹೇಳುತ್ತಿದ್ದರು. ಆದರೆ ಅವರು ಮರೆತ ದಿನ ಆ ವಂಶವೂ ಮರೆತುಹೋಗುತ್ತದೆ. ನಾನೋ ಪಿತ್ರಾರ್ಜಿತವಾಗಿ ಲೆಕ್ಕದ ಮನುಷ್ಯ. ಸುಲ್ತಾನ್ ಬಜಾರಿನಲ್ಲಿ ಈಗಲೂ ಸಿಗುವ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಖಾತೆವಹಿಯೊಂದನ್ನು ಕೊಂಡು, ಅದರಲ್ಲಿ ಜಮೆ ಖರ್ಚುಗಳ ಜಾಗದಲ್ಲಿ ತಂದೆಯ ಕಡೆ ತಾಯಿಯ ಕಡೆ ಎಂದು ಗೆರೆ ಎಳೆದು, ಪ್ರಭೆಯ ಹಿಂದಿನ ತಲೆಮಾರುಗಳನ್ನು ಬರೆಯುವುದಕ್ಕೆ ಆರಂಭಿಸಿದೆನು. ಮೂರು ತಲೆಮಾರೆಂದರೆ ಹದಿನಾಲ್ಕು ಹೆಸರು. ಅದನ್ನು ತುಂಬಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಒಂದೇ ಗಂಡಿಗೆ ಒಂದೂರಿನಲ್ಲಿ ರಾಜಾ, ಮಾರಿದ ಮೇಲೆ ಇನ್ನೊಂದೂರಿನಲ್ಲಿ ಟೈಗರ್. ಚರ್ಮದಡಿಯ ಮೈಕ್ರೋಚಿಪ್ ಇಲ್ಲದಿದ್ದರೆ ಎರಡೂ ಒಂದೇ ಎಂದು ಸಾಧಿಸುವ ಬಗೆಯಿಲ್ಲ. ಸಾಲದೆಂಬಂತೆ, ಚೆನ್ನೈಯಲ್ಲಿರುವ ಕೆನಲ್ ಕ್ಲಬ್ ಆಫ್ ಇಂಡಿಯಾದವರು ಈ ನಾಯಿಯನ್ನು ಕ್ಯಾರವಾನ್ ಹೌಂಡ್ ಎಂಬ ಹೆಸರಿನಲ್ಲಿಯೂ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬಿನವರು ಮುಧೋಳ್ ಹೌಂಡ್ ಎಂಬ ಹೆಸರಿನಲ್ಲಿಯೂ ದಾಖಲಿಸುವುದರಿಂದ, ಒಂದರ ಪುಸ್ತಕವನ್ನು ಮಾತ್ರ ನೋಡಿದವನಿಗೆ ಅರ್ಧ ಬಳಗ ಕಾಣುವುದೇ ಇಲ್ಲ.

ಹೀಗಿರುವಾಗ ಲೋಕಾಪುರದ ಕಡೆಯ ಒಂದು ಗಂಡುನಾಯಿ ನನ್ನ ಮನಸ್ಸನ್ನು ಸೆಳೆದಿತ್ತು. ಕಂದುಮೈಯ, ಕಡೆದಿಟ್ಟಂತಹ ಅಂಗಾಂಗಗಳ, ಓಟದಲ್ಲಿಯೂ ಸ್ವಭಾವದಲ್ಲಿಯೂ ಹುಳುಕಿಲ್ಲದ ಪ್ರಾಣಿ. ಸುತ್ತಲಿನ ಊರುಗಳಿಂದ ಬೆದೆಗೆ ಬಂದ ಹೆಣ್ಣುಗಳನ್ನೆಲ್ಲ ಅದರ ಹತ್ತಿರಕ್ಕೇ ತರುತ್ತಿದ್ದರು. ಅದರ ಒಡೆಯರು ಪ್ರಭೆಯನ್ನು ತರಲು ಹೇಳಿ ದಿನವನ್ನೂ ಗೊತ್ತು ಮಾಡಿದ್ದರು. ಖಾತೆಯಲ್ಲಿ ಅದರ ವಂಶವನ್ನು ಬರೆದು ನೋಡಿದಾಗ ಅದರ ತಂದೆಯೂ ಪ್ರಭೆಯ ತಂದೆಯೂ ಒಂದೇ ಎಂದಾಯಿತು. ಲೆಕ್ಕ ಹೀಗಿದೆ: ಒಡಹುಟ್ಟಿದ ಗಂಡುಹೆಣ್ಣುಗಳನ್ನು ಕೂಡಿಸಿದರೆ, ಹುಟ್ಟುವ ಮರಿಯಲ್ಲಿ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ನೂರಕ್ಕೆ 25, ತಂದೆಯೊಂದೇ, ತಾಯಿ ಬೇರೆಯಾದಾಗ 12.5, ತಾತ ಅಜ್ಜಿಯರಿಬ್ಬರೂ ಒಂದೇ ಆಗಿರುವ ದಾಯಾದಿ ಸಂಬಂಧದಲ್ಲಿ 6.25. ಅಡಗಿರುವ ದೋಷವೊಂದು ಹೊರಬೀಳುವುದು ಹೀಗೆ ಎರಡೂ ಪ್ರತಿಗಳು ಒಂದಾದಾಗಲೇ. ಗೋತ್ರ ಕೇಳದೆ, ಬೆಡಗು ನೋಡದೆ ಹೆಣ್ಣು ಕೊಡದ ನಮ್ಮ ಜನ ನಾಯಿಯ ವಿಷಯದಲ್ಲಿ ಮಾತ್ರ, "ಒಂದೇ ರಕ್ತವಾದರೆ ಜಾತಿ ಶುದ್ಧವಾಗುತ್ತದೆ" ಎಂದು ವಾದಿಸುವುದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಸಂಬಂಧವನ್ನು ಬಿಟ್ಟೆನು. ಒಡೆಯರಿಗೆ ಅಸಮಾಧಾನವಾಯಿತು, ತಮ್ಮ ನಾಯಿಗೆ ಕುಂದು ಹೇಳಿದಂತೆ ಅವರು ಭಾವಿಸಿದರು. ನಾಯಿಯಲ್ಲಿ ಕುಂದಿಲ್ಲ, ಅದು ಚೆನ್ನಾಗಿರುವುದೇ ತೊಡಕು, ಎಲ್ಲರೂ ಅದನ್ನೇ ಬಯಸಿದ್ದರಿಂದ ಮುಂದಿನ ತಲೆಮಾರಿಗೆ ಬೇರೆ ಗಂಡೇ ಸಿಗದಂತಾಗುತ್ತದೆ ಎಂದು ವಿವರಿಸಲು ಯತ್ನಿಸಿದೆನು. ಒಪ್ಪಿದರೆಂದು ಹೇಳಲಾರೆ.

ಈ ಆತಂಕ ಉತ್ಪ್ರೇಕ್ಷೆಯೆಂದು ತೋರುವವರು ನಾರ್ವೆ ದೇಶದ ಲುಂಡೆಹುಂಡ್ ಎಂಬ ನಾಯಿಯ ಚರಿತ್ರೆಯನ್ನು ಗಮನಿಸಬೇಕು. ಕಡಲ ಬಂಡೆಗಳ ಬಿರುಕುಗಳಲ್ಲಿ ಗೂಡು ಕಟ್ಟುವ ಪಫಿನ್ ಹಕ್ಕಿಗಳನ್ನು ಹಿಡಿಯಲು ಸಾಕಿದ, ಪಾದಕ್ಕೆ ಆರು ಬೆರಳುಳ್ಳ ಆ ನಾಯಿಗಳು, ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮ ದ್ವೀಪಕ್ಕೆ ಡಿಸ್ಟೆಂಪರ್ ರೋಗ ತಗುಲಿದಾಗ ಬಹುತೇಕ ನಾಶವಾದವು. ಇಂದಿರುವವೆಲ್ಲವೂ ಉಳಿದ ಬೆರಳೆಣಿಕೆಯ ಪ್ರಾಣಿಗಳ ಸಂತತಿ. ಅವುಗಳಲ್ಲಿ ಕರುಳಿನ ಬೇನೆಯೊಂದು ಮನೆಮಾಡಿಕೊಂಡಿತು, ಈಯುವ ಮರಿಗಳ ಸಂಖ್ಯೆ ಇಳಿಯಿತು. ಕೊನೆಗೆ ಅಲ್ಲಿಯವರು ಬೇರೆ ತಳಿಗಳ ರಕ್ತವನ್ನು ಬೆರೆಸುವ ಪ್ರಯೋಗಕ್ಕೆ ಕೈಹಾಕಬೇಕಾಯಿತು. ಮುಧೋಳದ ನಾಯಿ ಆ ಸ್ಥಿತಿಗೆ ಇಳಿದಿಲ್ಲ. ಇಳಿಯುವ ಮುನ್ನವೇ ಎಚ್ಚರವಾಗುವುದು ಅಗ್ಗದ ಉಪಾಯ.

ಬಾಗಲಕೋಟೆ ಜಿಲ್ಲೆಯನ್ನು ಬಿಟ್ಟು ಹೊರಗೆ ಹುಡುಕಿದಾಗ ಮಹಾರಾಷ್ಟ್ರದ ಗಡಿಯೊಳಗಿನ ಜತ್ ತಾಲೂಕಿನಲ್ಲಿ, ಮನೆಮಾತು ಕನ್ನಡವೇ ಆಗಿದ್ದು ನಾಯಿಯನ್ನು ಮಾತ್ರ ಕಾರವಾನಿ ಎಂದು ಕರೆಯುವ ಕುಟುಂಬವೊಂದರ ಗಂಡು ದೊರಕಿತು. ಖಾತೆಯ ಮೂರು ತಲೆಮಾರುಗಳಲ್ಲಿ ಎಲ್ಲಿಯೂ ಅದಕ್ಕೂ ಪ್ರಭೆಗೂ ಗಂಟು ಬೀಳಲಿಲ್ಲ. ರೂಪದಲ್ಲಿ ಲೋಕಾಪುರದ್ದಕ್ಕೆ ಇದು ಒಂದು ಕೈ ಕಡಿಮೆಯೇ ಸರಿ. ಕಿವಿ ಸ್ವಲ್ಪ ದೊಡ್ಡದು.

ವೈದ್ಯರ ವಿಷಯಕ್ಕೆ ಬರುತ್ತೇನೆ. ನಾರಾಯಣಗೂಡದ ಸರಕಾರಿ ಪಶುವೈದ್ಯ ಆಸ್ಪತ್ರೆ ನಮ್ಮ ಮನೆಗೆ ದೂರವಲ್ಲದ್ದು ದೊಡ್ಡ ಅನುಕೂಲ. ಕೂಡಿಸುವುದಕ್ಕೆ ಮುನ್ನ ಎರಡೂ ನಾಯಿಗಳ ರಕ್ತವನ್ನು ಬ್ರುಸೆಲ್ಲಾ ರೋಗಕ್ಕಾಗಿ ಪರೀಕ್ಷಿಸಲೇಬೇಕು. ಗರ್ಭಪಾತವನ್ನೂ ಬಂಜೆತನವನ್ನೂ ಉಂಟುಮಾಡುವ ಆ ರೋಗ ಮನುಷ್ಯರಿಗೂ ಹರಡಬಲ್ಲದು. ಹೃದಯ, ಕಣ್ಣು, ಹಲ್ಲುಗಳ ಪರೀಕ್ಷೆ, ಲಸಿಕೆ, ಜಂತುನಿವಾರಣೆ ಇವು ಸಾಮಾನ್ಯ. ಆದರೆ ಈ ಜಾತಿಯ ಓಟದ ನಾಯಿಗಳಿಗೆ ವಿಶೇಷವಾದ ಸಂಗತಿಯೊಂದುಂಟು: ಮೈಯಲ್ಲಿ ಕೊಬ್ಬು ಬಹಳ ಕಡಿಮೆಯಾದುದರಿಂದ ಕೆಲವು ಅರಿವಳಿಕೆ ಔಷಧಗಳು, ಅದರಲ್ಲೂ ಥಯೋಪೆಂಟಾಲ್ ಗುಂಪಿನವು, ಇವುಗಳ ದೇಹದಿಂದ ಬೇಗ ಇಳಿಯದೆ ಪ್ರಾಣಾಪಾಯವನ್ನು ತರಬಹುದು. ಹೆರಿಗೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆಯ ಪ್ರಸಂಗ ನಡುರಾತ್ರಿಯಲ್ಲಿ ಬಂದರೆ ಈ ಮಾತನ್ನು ವಾದಿಸುತ್ತ ಕೂರಲು ಸಮಯವಿರುವುದಿಲ್ಲ. ಮೊದಲೇ ವೈದ್ಯರೊಡನೆ ಮಾತಾಡಿ, ಯಾವ ಔಷಧವೆಂಬುದನ್ನು ಬರೆಸಿಟ್ಟುಕೊಳ್ಳಬೇಕು.

ಕಾನೂನೂ ಇದೆ. 2017ರ ಶ್ವಾನ ಸಂವರ್ಧನೆ ಮತ್ತು ಮಾರಾಟದ ನಿಯಮಗಳ ಪ್ರಕಾರ ತಳಿಗಾರನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲೂ, 8 ವರ್ಷ ಕಳೆದ ಮೇಲೂ ಮರಿ ಹಾಕಿಸಕೂಡದು. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ಎಂಟು ವಾರಕ್ಕೆ ಮುನ್ನ ಮರಿಯನ್ನು ಮಾರುವಂತಿಲ್ಲ. ನಿಯಮಗಳನ್ನು ಓದಿದಾಗ ಇವು ಅತಿ ಕಠಿಣವೆಂದು ಗೊಣಗುವವರನ್ನು ನಾನು ಕಂಡಿದ್ದೇನೆ. ನನಗಾದರೋ ಐದು ಸೂಲು ಹೆಚ್ಚೆಂದೇ ತೋರಿತು. ಪ್ರಭೆಗೆ ಎರಡೇ ಸಾಕೆಂದು ಖಾತೆಯ ಮೊದಲ ಪುಟದಲ್ಲಿ ಬರೆದಿದ್ದೇನೆ.

ಸುಲ್ತಾನ್ ಬಜಾರಿನ ನಮ್ಮ ಮನೆಯ ಮಾಳಿಗೆಯಲ್ಲಿ ಮರಿಗಳನ್ನು ಬೆಳೆಸಬಹುದೆಂಬ ಯೋಚನೆಯನ್ನು ಬಿಡಬೇಕಾಯಿತು. ಒಂದು ನಾಯಿಯನ್ನು ಬೆಳಗಿನ ಜಾವ ಅಂಗಡಿಗಳು ತೆರೆಯುವ ಮುನ್ನ ಹಗ್ಗ ಹಿಡಿದು ಮೈಲಿಗಟ್ಟಲೆ ನಡೆಸಿ ಆರೋಗ್ಯವಾಗಿಡಬಹುದು. ಏಳೆಂಟು ಮರಿಗಳಿಗೆ ಕಾಲು ಚಾಚಲು ನೆಲ ಬೇಕು, ಮೂರನೆಯ ವಾರದಿಂದ ಮೂರು ತಿಂಗಳವರೆಗಿನ ಅವಧಿಯಲ್ಲಿ ಮಕ್ಕಳು, ಮುದುಕರು, ದನ, ಬಂಡಿ, ಗುಡುಗು, ಪಾತ್ರೆಯ ಸದ್ದು ಎಲ್ಲವೂ ಅವುಗಳಿಗೆ ಪರಿಚಯವಾಗಬೇಕು. ಜಹೀರಾಬಾದಿನ ಆಚೆ, ಬೀದರ್ ಗಡಿಗೆ ಹತ್ತಿರ, ನಮ್ಮ ಮಾವನವರ ಕಾಲದ ಹೊಲವೊಂದಿದೆ. ಸುತ್ತಲಿನವರಲ್ಲಿ ಕನ್ನಡ ಮಾತಾಡುವವರೇ ಅನೇಕರು. ಅಲ್ಲಿ ಆಳೆತ್ತರದ ಬೇಲಿ ಹಾಕಿಸಿ, ಒಂದು ಕೋಣೆಯನ್ನು ಬಾಣಂತಿಕೋಣೆಯಾಗಿ ಸಿದ್ಧಪಡಿಸಿದೆನು.

ಅದರೊಳಗಿನ ಹಲಗೆಯ ತೊಟ್ಟಿಯನ್ನು ನಮ್ಮ ಓಣಿಯ ಬಡಗಿಯೇ ಮಾಡಿದ್ದು. ಒಳಗೋಡೆಗಳಿಗೆ ನಾಲ್ಕಂಗುಲ ಬಿಟ್ಟು ಒಂದು ಅಡ್ಡಪಟ್ಟಿಯನ್ನು ಹೊಡೆಯಬೇಕೆಂದಾಗ ಅವನಿಗೆ ಅರ್ಥವಾಗಲಿಲ್ಲ. ತಾಯಿಯು ಗೋಡೆಗೆ ಒರಗಿದಾಗ ಬೆನ್ನ ಹಿಂದೆ ಸಿಕ್ಕ ಮರಿ ನಜ್ಜಾಗದೆ ಪಟ್ಟಿಯ ಕೆಳಗಿನ ಸಂದಿನಲ್ಲಿ ಉಳಿಯಲೆಂದು ವಿವರಿಸಿದ ಮೇಲೆ, ತಾನೇ ಆ ಪಟ್ಟಿಯ ಅಂಚನ್ನು ಉಜ್ಜಿ ದುಂಡಗೆ ಮಾಡಿಕೊಟ್ಟನು. ಹುಟ್ಟಿದ ಮರಿಗಳಿಗೆ ಎರಡು ವಾರ ಮೈಬಿಸಿಯನ್ನು ತಾವೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ; ಮೊದಲ ವಾರ ತೊಟ್ಟಿಯಲ್ಲಿ 30 ಡಿಗ್ರಿಯಷ್ಟು ಶಾಖ ಬೇಕು, ಅದಕ್ಕಾಗಿ ದೀಪ, ವಿದ್ಯುತ್ತು ಹೋದರೆ ಬಿಸಿನೀರಿನ ಸೀಸೆಗಳು. ಗರ್ಭ ಸುಮಾರು 63 ದಿನದ್ದು. ಈಯುವ ಹಿಂದಿನ ದಿನ ತಾಯಿಯ ಮೈಬಿಸಿ ಒಂದು ಡಿಗ್ರಿಯಷ್ಟು ಇಳಿಯುವುದರಿಂದ ಆ ವಾರವೆಲ್ಲ ಬೆಳಿಗ್ಗೆ ಸಂಜೆ ಥರ್ಮಾಮೀಟರು ಹಿಡಿಯಬೇಕು. ಮರಿಗಳನ್ನು ಗುರುತಿಸಲು ಅಂಗಡಿಯ ಬಣ್ಣಬಣ್ಣದ ಉಣ್ಣೆಯ ದಾರಗಳಿವೆ, ತೂಗಲು ಅಂಗಡಿಯದೇ ಹಳೆಯ ತಕ್ಕಡಿ. ದಿನವೂ ತೂಕ ಬರೆಯಬೇಕು. ಮರಿಗೆ ಕಾಯಿಲೆ ಬರುವುದನ್ನು ಕಣ್ಣಿಗಿಂತ ಮೊದಲು ತಕ್ಕಡಿ ಹೇಳುತ್ತದೆ.

ಇವೆಲ್ಲಕ್ಕಿಂತ ನನ್ನನ್ನು ದಣಿಸಿದ್ದು ಮನೆಗಳನ್ನು ಆಯುವ ಕೆಲಸ. ಗಂಡನ್ನು ನಿಶ್ಚಯಿಸುವ ಮುನ್ನವೇ ಮರಿ ಕೇಳಿದವರ ಹೆಸರುಗಳನ್ನು ವಹಿಯ ಕೊನೆಯ ಪುಟಗಳಲ್ಲಿ ಬರೆದುಕೊಂಡು, ಒಬ್ಬೊಬ್ಬರ ಮನೆಗೂ ಹೋಗಿ ಬಂದೆನು. ಒಬ್ಬರಿಗೆ ಹತ್ತನೆಯ ಅಂತಸ್ತಿನ ಬಾಲ್ಕನಿಯಲ್ಲಿ ಕಟ್ಟಿಹಾಕಲು ನಾಯಿ ಬೇಕು. ಮತ್ತೊಬ್ಬ ಜಮೀನುದಾರರಿಗೆ ಮೊಲದ ಬೇಟೆಗೆ ಬೇಕು, 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅದು ಅಪರಾಧವೆಂದಾಗ, "ಹಾಗಾದರೆ ಈ ನಾಯಿ ಇನ್ನೇತಕ್ಕೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ, ನಾನೂ ಅದನ್ನು ಬಹಳ ಕಾಲ ಚಿಂತಿಸಿದ್ದೇನೆ. ಹೊಲ ಕಾಯುವುದು, ಮನೆ ಕಾಯುವುದು, ಬಯಲಿನಲ್ಲಿ ಸುಮ್ಮನೆ ಓಡುವುದು, ಇಷ್ಟನ್ನು ಬಿಟ್ಟು ಉತ್ತರ ಹೊಳೆದಿಲ್ಲ. ಮರಿಯನ್ನು ಅವರಿಗೆ ಕೊಡುವುದಿಲ್ಲವೆಂಬುದಷ್ಟೇ ನಿಶ್ಚಯ. ಒಪ್ಪಂದದ ಕಾಗದವನ್ನು ಕನ್ನಡ, ತೆಲುಗು ಎರಡರಲ್ಲಿಯೂ ಬರೆಸಿದ್ದೇನೆ: ಯಾವ ವಯಸ್ಸಿನಲ್ಲಾಗಲಿ ಸಾಕಲಾಗದಿದ್ದರೆ ನಾಯಿಯನ್ನು ಮಾರದೆ, ಬೀದಿಗೆ ಬಿಡದೆ, ನನಗೇ ಹಿಂದಿರುಗಿಸಬೇಕು, ನನ್ನನ್ನು ಕೇಳದೆ ಮರಿ ಹಾಕಿಸಬಾರದು, ಕಾಯಿಲೆಯಾದರೂ ಸತ್ತರೂ ತಿಳಿಸಬೇಕು, ಖಾತೆಯಲ್ಲಿ ಬರೆಯುವುದಕ್ಕಾಗಿ. ಈ ಕೊನೆಯ ಷರತ್ತನ್ನು ಓದಿ ಕೆಲವರು ಹಿಂದೆ ಸರಿದರು. ಉಳಿದವು ನಾಲ್ಕು ಮನೆಗಳು.

ಪ್ರಭೆಯನ್ನು ಜತ್ತಿಗೆ ಕರೆದೊಯ್ಯುವ ಸಿದ್ಧತೆಯಲ್ಲಿ ನಾವಿದ್ದಾಗ, ಇಷ್ಟು ದಿನ ನನ್ನ ಲೆಕ್ಕಗಳನ್ನು ದೂರದಿಂದಲೇ ನೋಡುತ್ತಿದ್ದ ನಮ್ಮ ಮನೆಯವರು ಖಾತೆಯ ಕೊನೆಯ ಪುಟವನ್ನು ತೆರೆದು ಕೇಳಿದರು:

"ನಾಕ ಮನಿ ಅಂತ ಬರ್ದೀರಿ. ಏಳು ಮರಿ ಆದ್ರ ಏನ್ ಮಾಡ್ತೀರಿ?"

"ಉಳಿದ ಮೂರು ನಮ್ಮಲ್ಲೇ ಇರ್ತಾವ," ಎಂದೆನು.

"ಹಂಗಿದ್ರ ಹೊಲದ ಬೇಲಿ ಈಗೇ ಮುಂದ ಹಾಕ್ಸ್ರಿ. ಮಳಿ ಬಿದ್ದ ಮ್ಯಾಲ ಆ ಕರಿ ಮಣ್ಣಾಗ ಕಂಬ ನಿಲ್ಲಂಗಿಲ್ಲ."

ಮರುದಿನವೇ ಜಹೀರಾಬಾದಿಗೆ ಹೇಳಿಕಳಿಸಿ, ತಂತಿ ಮತ್ತು ಕಲ್ಲುಕಂಬಗಳಿಗೆ ಮುಂಗಡ ಕೊಟ್ಟೆನು.